ಒದ್ದೆ ಕಡೆಯ ಗಂಡ

"ನಿಮ್ಮಿಬ್ಬರಲ್ಲಿ ಗಂಡ ಯಾರು?" ಎಂದು ಮ್ಯಾನೇಜರ್ ಕೇಳಿದರು.

ಮಾವನಿಗೆ ಆ ಹೊತ್ತಿನಲ್ಲಿ ನೆನಪಾದದ್ದು ಇಸ್ತ್ರಿಪೆಟ್ಟಿಗೆ. ಕರೆ ಬಂತೆಂದು ಅವಸರದಲ್ಲಿ ಎದ್ದು ಬಂದದ್ದಾಯಿತು. ಪೆಟ್ಟಿಗೆಯನ್ನು ನಿಲ್ಲಿಸಿ ಬಂದೆನೋ, ಬಟ್ಟೆಯ ಮೇಲೆ ಮಲಗಿಸಿ ಬಂದೆನೋ? ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದು ದಿಂಬಿನ ಚೀಲವೂ ಸುಟ್ಟಿರಲಿಲ್ಲ.

ಹೌದು, ಅವಳು. ಮಾವ ಹೆಂಗಸು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು, ಗರಿಗರಿ ಕಾಲರಿನ ಶರಟು ಹಾಕಿ, ತೋಳನ್ನು ಮೊಣಕೈವರೆಗೆ ಮಡಚಿ, ಪ್ಯಾಂಟಿಗೆ ಅಗಲವಾದ ಬೆಲ್ಟು ಬಿಗಿದು ಲಾಂಡ್ರಿಗೆ ಬರುತ್ತಿದ್ದವಳಿಗೆ ಅಲ್ಲಿನ ಹೆಂಗಸರು ಮೊದಲ ವಾರವೇ ಇಟ್ಟ ಹೆಸರು ಅದು. ಮೊದಮೊದಲು ಗೇಲಿಗೆ ಕರೆದರು. ಆಮೇಲೆ ಗೇಲಿ ಸವೆದುಹೋಗಿ ಹೆಸರಷ್ಟೇ ಉಳಿಯಿತು. "ಮಾವ ಬಂದ್ಲು, ಕಿಟಕಿ ತೆಗೀರೇ" ಎಂದರೆ ಅಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಬೊಂಬೆ ಕೂತಿದ್ದಳು. ಬಟ್ಟೆ ಮಡಿಸುವ ಮೇಜಿನವಳು. ತುಟಿಗೆ ಕೆಂಪು, ಉಗುರಿಗೆ ಕೆಂಪು, ಕಣ್ಣಿಗೆ ಕಾಡಿಗೆ, ಬೆನ್ನ ಮೇಲೆ ಸೊಂಟ ಮುಟ್ಟುವ ಜಡೆ. ಇಬ್ಬರೂ ಒಂದೇ ಕೋಣೆಯ ಮನೆ ಮಾಡಿಕೊಂಡು, ಒಂದೇ ಮಂಚದ ಮೇಲೆ ಮಲಗಿ, ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಅದು ಯಾರಿಗೂ ಗೊತ್ತಿಲ್ಲ ಎಂದೇ ಲೆಕ್ಕ.

ಆ ಲಾಂಡ್ರಿಗೆ ಎರಡು ಕಡೆ. ಒದ್ದೆ ಕಡೆ, ಒಣ ಕಡೆ. ಆಸ್ಪತ್ರೆಗಳ, ಹೋಟೆಲುಗಳ ಹಾಸು ಹೊದಿಕೆಗಳು ರಕ್ತ, ವಾಂತಿ, ಬೆವರು, ಎಣ್ಣೆ ಜಿಡ್ಡಿನ ಸಮೇತ ಒದ್ದೆ ಕಡೆಯ ಬಾಗಿಲಲ್ಲಿ ಒಳಗೆ ಬರುತ್ತಿದ್ದವು. ಏನೂ ಆಗೇ ಇಲ್ಲವೆಂಬ ಮುಖ ಹೊತ್ತು ಒಣ ಕಡೆಯ ಬಾಗಿಲಲ್ಲಿ ಹೊರಗೆ ಹೋಗುತ್ತಿದ್ದವು. ಒದ್ದೆ ಕಡೆ ಗಂಡಸರು ಒಗೆಯುತ್ತಿದ್ದರು. ಒಣ ಕಡೆ ಹೆಂಗಸರು ಇಸ್ತ್ರಿ ಹಾಕಿ ಮಡಿಸುತ್ತಿದ್ದರು. ನಡುವೆ ಗೋಡೆ. ಒದ್ದೆ ಕಡೆಯವರ ಕಾಲು ಒಣ ಕಡೆ ಬೀಳುವಂತಿಲ್ಲ, ಕೊಳೆ ದಾಟಿ ಬರುತ್ತದೆ. ಮಧ್ಯೆ ಒಂದು ಓಣಿ, ಓಣಿಯ ತುದಿಯಲ್ಲಿ ಮ್ಯಾನೇಜರ್ ಕೋಣೆ.

ಅಲ್ಲಿ ಇನ್ನೊಂದು ನಿಯಮವಿತ್ತು. ಗಂಡ ಹೆಂಡತಿ ಒಂದೇ ಕಡೆ ಕೆಲಸ ಮಾಡುವಂತಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ದಂಪತಿಗಳಿಬ್ಬರು ಮನೆಯ ಜಗಳವನ್ನು ಇಸ್ತ್ರಿ ಮೇಜಿನವರೆಗೆ ತಂದು, ಕಾದ ಪೆಟ್ಟಿಗೆ ಹಾರಿ, ಕಿಟಕಿಯ ಗಾಜು ಒಡೆದಿತ್ತಂತೆ. ಎಸೆದವರು ಯಾರು ಎಂಬುದಕ್ಕೆ ಒದ್ದೆ ಕಡೆ ಒಂದು ಕಥೆ, ಒಣ ಕಡೆ ಒಂದು ಕಥೆ. ಅಂದಿನಿಂದ ಗಂಡ ಒದ್ದೆಗೆ, ಹೆಂಡತಿ ಒಣಕ್ಕೆ.

ಬೊಂಬೆಗೆ ವಿಷಮಜ್ವರ ಬಂದು ಆಸ್ಪತ್ರೆ ಸೇರುವವರೆಗೆ ಈ ನಿಯಮಕ್ಕೂ ಇವರಿಗೂ ಸಂಬಂಧವಿರಲಿಲ್ಲ. ಅವಳ ಜೊತೆಗಿರಲು ಮಾವ ರಜೆ ಕೇಳಿಕೊಂಡು ವೆಲ್‌ಫೇರ್ ಮೇಡಂ ಹತ್ತಿರ ಹೋದಳು. ಕೆಲಸಗಾರರ ಕಷ್ಟಸುಖ ನೋಡಿಕೊಳ್ಳಲೆಂದು ಕಂಪನಿ ಇಟ್ಟುಕೊಂಡಿದ್ದ ಹೆಂಗಸು ಅವರು. ನೋಡಿಕೊಳ್ಳುತ್ತಿದ್ದರು. ನೋಡಿ ಸುಮ್ಮನಾಗುತ್ತಿದ್ದರು.

"ಅವಳು ನಿನಗೇನಾಗ್ಬೇಕು?"

"ನನ್ನವಳು ಮೇಡಂ."

"ಅದೇ, ಅಕ್ಕನಾ ತಂಗಿಯಾ?"

"ಅಕ್ಕನೂ ಅಲ್ಲ ತಂಗೀನೂ ಅಲ್ಲ. ನನ್ನವಳು."

ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಒರೆಸಿದ ಮೇಲೂ ಎದುರಿಗೆ ಮಾವನೇ ನಿಂತಿದ್ದಳು. "ಅದೆಲ್ಲ ಸಂಬಂಧ ಅಂತ ಬರಲ್ಲಮ್ಮ. ಗಂಡ, ಹೆಂಡ್ತಿ, ಮಕ್ಕಳು, ತಂದೆ ತಾಯಿ. ಅಷ್ಟಕ್ಕೇ ರಜೆ."

ಬೊಂಬೆ ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದಳು. ಆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದದ್ದು ಮಾವ. ಅವಳ ಬೆನ್ನ ಕೆಳಗಿನ ಬಟ್ಟೆಯಲ್ಲಾದರೂ ನನ್ನ ಕೈ ಇದೆ ಎಂದುಕೊಂಡು ಆ ದಿನಗಳಲ್ಲಿ ಮಾವ ಒಂದೊಂದು ಹಾಸನ್ನೂ ಎರಡೆರಡು ಸಲ ಉಜ್ಜಿದಳು.

ಬೊಂಬೆ ವಾಸಿಯಾಗಿ, ಕೆನ್ನೆ ತುಂಬಿಕೊಂಡು, ಮತ್ತೆ ತುಟಿಗೆ ಕೆಂಪು ಬಳಿದುಕೊಂಡು ಕೆಲಸಕ್ಕೆ ಬಂದ ಮೇಲೆ ಕಂಪನಿಗೆ ನಿಯಮ ಜ್ಞಾಪಕಕ್ಕೆ ಬಂತು. ರಜೆ ಕೇಳಿದಾಗ ಸಂಬಂಧವೇ ಅಲ್ಲದ್ದು ಈಗ ಪಕ್ಕಾ ದಾಂಪತ್ಯವಾಗಿ ಎದ್ದು ಕೂತಿತು. ಇಬ್ಬರಿಗೂ ಮ್ಯಾನೇಜರ್ ಕೋಣೆಯಿಂದ ಕರೆ ಬಂತು.

"ನೋಡಮ್ಮ, ನಮ್ಮದು ಮುಂದುವರಿದ ಸಂಸ್ಥೆ," ಎಂದರು ಮೇಡಂ, ಮ್ಯಾನೇಜರ್ ಪಕ್ಕದಲ್ಲಿ ಕೂತು. "ನಿಮ್ಮನ್ನ ಕೆಲಸದಿಂದ ತೆಗೀತಾ ಇಲ್ಲ. ಗಂಡ ಹೆಂಡ್ತಿ ಅಂತ ಒಪ್ಕೊಂಡಿದೀವಿ. ಒಪ್ಕೊಂಡಿದ್ದಕ್ಕೇ ಈ ತಾಪತ್ರಯ."

"ಇಬ್ಬರೂ ಹೆಂಡ್ತೀರೇ ಮೇಡಂ," ಎಂದಳು ಬೊಂಬೆ.

"ಹಾಗಂದ್ರೆ ಒಂದು ಜಾಗ ಖಾಲಿ ಇದೆ ಅಂತಾಯ್ತು," ಎಂದರು ಮ್ಯಾನೇಜರ್. ಖಾಲಿ ಜಾಗ ಕಂಡರೆ ಭರ್ತಿ ಮಾಡುವುದು ಅವರ ಸ್ವಭಾವ. "ಯಾರೋ ಒಬ್ರು ಆಗಲೇಬೇಕಲ್ಲಮ್ಮ. ಇಲ್ದಿದ್ರೆ ಸಂಸಾರ ಹೇಗೆ ನಡೆಯುತ್ತೆ? ಸರಿ, ಮನೇಲಿ ಜಿರಲೆ ಬಂದ್ರೆ ಯಾರು ಹೊಡೀತೀರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಯಾರೂ ಹೊಡೆಯಲ್ಲ ಸರ್," ಎಂದಳು ಮಾವ. "ಅದು ಹೋಗೋ ತನಕ ಇಬ್ರೂ ಮಂಚದ ಮೇಲೆ ಕಾಲು ಮಡಚಿ ಕೂತಿರ್ತೀವಿ."

"ಜಗಳ ಆದ್ರೆ ಮೊದಲು ಅಳೋರು?"

"ಇವಳು," ಎಂದು ಇಬ್ಬರೂ ಒಟ್ಟಿಗೆ ಹೇಳಿದರು, ಒಬ್ಬರನ್ನೊಬ್ಬರು ತೋರಿಸಿ.

"ಗೊರಕೆ?"

"ಈ ಪ್ರಶ್ನೆ ಯಾಕೆ ಸರ್?" ಎಂದಳು ಬೊಂಬೆ.

"ಯಾಕೆ ಅಂತ ಕೇಳಬಾರದು. ನಾವು ನಿಮಗೆ ಸಹಾಯ ಮಾಡ್ತಿದೀವಿ."

ಆಮೇಲೆ ನಡೆದು ತೋರಿಸಲು ಹೇಳಿದರು. ಮೊದಲು ಬೊಂಬೆ ಬಾಗಿಲಿನಿಂದ ಬೀರುವಿನವರೆಗೆ ನಡೆದಳು. ಬೀರುವಿನ ಹತ್ತಿರ ತಿರುಗುವಾಗ ಬೇಕೆಂದೇ ಜಡೆ ಬೀಸಿದಳು, ಮ್ಯಾನೇಜರ್ ಟೀ ಲೋಟ ಸರಿಸಿಕೊಳ್ಳಬೇಕಾಯಿತು. ಆಮೇಲೆ ಮಾವ. ಅವಳಿಗೆ ತಾನು ಹೇಗೆ ನಡೆಯುತ್ತೇನೆಂಬುದೇ ಮರೆತುಹೋಯಿತು. ಎಡಗಾಲು, ಬಲಗಾಲು. ಕೈ ಎಲ್ಲಿಡಬೇಕು? ಮೇಡಂ ತಲೆ ಓರೆ ಮಾಡಿಕೊಂಡು ಅವಳ ಸೊಂಟ ನೋಡುತ್ತಿದ್ದರು. ಸಂತೆಯಲ್ಲಿ ಕರುವಿನ ಕಾಲು ನೋಡುವ ಹಾಗೆ. ಬೆಳಿಗ್ಗೆ ತಾನೇ ಇಸ್ತ್ರಿ ಹಾಕಿ ನಿಲ್ಲಿಸಿದ್ದ ಕಾಲರು ಬೆವರಿಗೆ ಮೆತ್ತಗಾಗಿ ಮಲಗಿತು.

"ಇನ್ನೊಂದ್ಸಲ," ಎಂದರು ಮೇಡಂ. "ಸಹಜವಾಗಿ."

ಮಾವ ಇನ್ನೊಂದು ಸಲ ಸಹಜವಾಗಿ ನಡೆದಳು. ಬೊಂಬೆಯ ಸಹನೆ ಮುಗಿಯಿತು.

"ಸಾಕು ನಿಲ್ಸಿ. ಒಬ್ರು ಒದ್ದೆ ಕಡೆ ಹೋಗಲೇಬೇಕಾದ್ರೆ ನಾನು ಹೋಗ್ತೀನಿ. ಆ ಒದ್ದೆ ಬಟ್ಟೆ ಮೂಟೆ ಎತ್ತೋದು ನನಗೇನು ದೊಡ್ಡದಲ್ಲ."

ಮ್ಯಾನೇಜರ್ ನಕ್ಕರು. "ನೀನು ಹೆಂಗಸಮ್ಮ. ನಿನ್ನ ಕೈಲಿ ಎತ್ತೋಕಾಗುತ್ತಾ?"

"ನಾನಾದ್ರೂ ಎತ್ತೀನಿ. ಇವಳಿಗೆ ಆಗಲ್ಲ ಸರ್. ಇವಳ ಸೊಂಟ—"

"ಸೊಂಟಕ್ಕೇನಾಗಿದೆ?" ಮಾವನ ದನಿ ಕೋಣೆಯಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. "ಯಾರು ಹೇಳಿದ್ದು ಆಗಲ್ಲ ಅಂತ? ಎತ್ತೀನಿ ಸರ್."

ಹೇಳಿ ಮುಗಿಸುವಷ್ಟರಲ್ಲಿ ತಾನು ಸಿಕ್ಕಿಬಿದ್ದದ್ದು ಅವಳಿಗೆ ಗೊತ್ತಾಯಿತು. ಆದರೆ ಮಾತು ಹೊರಗೆ ಹೋಗಿ ಮೇಜಿನ ಮೇಲೆ ಕೂತಾಗಿತ್ತು.

"ನೋಡಿದ್ರಾ ಮೇಡಂ?" ಮ್ಯಾನೇಜರ್ ಕುರ್ಚಿಗೊರಗಿದರು. "ಗಂಡಸು ಮಾತಾಡ್ತು."

ಸೊಂಟದ ಸಂಗತಿ ಇಷ್ಟು. ಲಾಂಡ್ರಿಗೆ ಸೇರಿದ ಹೊಸತರಲ್ಲಿ ಮಾವ ಈ ಕೆಂಪು ತುಟಿಯವಳನ್ನು ನೋಡಿದ್ದಳು. ಅವಳು ಬಟ್ಟೆಯ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ತಳ್ಳುವಾಗ ಅವಳ ಮುಂಗೈಯಲ್ಲಿ ನರ ಎದ್ದು ನಿಲ್ಲುತ್ತಿತ್ತು. ಆ ನರ, ಆ ಬಳೆ, ಎರಡೂ ಒಂದೇ ಕೈಯಲ್ಲಿ. ಮಾವನ ಬಾಯಿ ಒಣಗಿತು. ಇಂಥವಳ ಮುಂದೆ ಇಂಥ ಶರಟು ಹಾಕಿದವಳು ಏನಾದರೂ ಎತ್ತಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. "ಬಿಡಿ, ನಾನು ಎತ್ತಿಡ್ತೀನಿ" ಎಂದು ಒಂದು ಮೂಟೆಗೆ ಕೈ ಹಾಕಿದಳು. ಸೊಂಟದಲ್ಲಿ ಏನೋ ಟಕ್ಕೆಂದಿತು. ಮಾವ ಬಾಗಿದವಳು ಬಾಗಿದ ಹಾಗೇ ನಿಂತಳು. ಆಗ ಬೊಂಬೆ ಒಂದು ಕೈಯಲ್ಲಿ ಮೂಟೆಯನ್ನು ಗಾಡಿಗೆ ಎಸೆದು, ಮಾವನನ್ನೂ ಎತ್ತಿ ಅದೇ ಗಾಡಿಯಲ್ಲಿ ಮಲಗಿಸಿ, ಮೇಲೊಂದು ಹೊದಿಕೆ ಎಳೆದು, ಯಾರಿಗೂ ಕಾಣದ ಹಾಗೆ ಹಿಂದಿನ ಬಾಗಿಲಿಗೆ ತಳ್ಳಿಕೊಂಡು ಹೋದಳು. ಅವರ ಪ್ರೀತಿ ಶುರುವಾದದ್ದು ಹಾಗೆ, ಕೊಳೆಯಿಲ್ಲದ ಬಟ್ಟೆಯ ರಾಶಿಯಲ್ಲಿ.

ಅಂದಿನಿಂದ ಸೊಂಟ ಗುಟ್ಟಾಯಿತು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತುವವಳು ಬೊಂಬೆ. ಆದರೆ ಮೆಟ್ಟಿಲ ಮೇಲೆ ಪಕ್ಕದ ಮನೆಯವರು ಸಿಕ್ಕರೆ ಮಾವ ಸಿಲಿಂಡರಿನ ಒಂದು ಅಂಚಿಗೆ ಎರಡು ಬೆರಳು ಹಚ್ಚಿ, ಹಲ್ಲು ಕಚ್ಚಿ, "ಹುಷಾರು, ನಿಧಾನ" ಎನ್ನುತ್ತಿದ್ದಳು. ಬೊಂಬೆ ಒಳಗೆ ಬಂದ ಮೇಲೆ ನಗುತ್ತಿದ್ದಳು. ಮಾವ ನಗುತ್ತಿರಲಿಲ್ಲ.

ಆ ಸಂಜೆ ಬಸ್ ಸ್ಟಾಪಿನಲ್ಲಿ ಬೊಂಬೆ ನಗಲಿಲ್ಲ.

"ಯಾಕೇ ಹಾಗಂದೆ?"

"ಅವನು ನಗ್ತಿದ್ದ."

"ನನ್ನ ನೋಡಿ ನಗ್ತಿದ್ದ ಕಣೇ, ನಿನ್ನ ನೋಡಿ ಅಲ್ಲ."

"ಮತ್ತೆ ನೀನು ಎಲ್ಲರ ಮುಂದೆ ಸೊಂಟ ಸೊಂಟ ಅಂತಿದ್ದೆ. ನನ್ನ ಮರ್ಯಾದೆ ಏನಾಗ್ಬೇಕು?"

"ಯಾವ ಮರ್ಯಾದೆ? ಗಂಡಸಿನ ಮರ್ಯಾದೆನಾ? ಅದು ನಿನ್ನ ಹತ್ರ ಯಾಕೆ ಇದೆ? ಯಾರಾದ್ರೂ ಬಿಟ್ಟುಹೋಗಿದ್ರಾ?" ಬೊಂಬೆ ಚೀಲವನ್ನು ಭುಜದಿಂದ ಭುಜಕ್ಕೆ ಬದಲಾಯಿಸಿದಳು. ಎರಡೂ ಊಟದ ಡಬ್ಬಿ ಅವಳ ಚೀಲದಲ್ಲೇ ಇರುತ್ತಿದ್ದವು. "ನೀನು ಗಂಡಸಿನ ಹಾಗಿದೀಯ ಅಂತ ನಾನು ನಿನ್ನ ಹಿಂದೆ ಬಂದಿದ್ದಲ್ಲ. ಗಂಡಸ್ರೇ ಬೇಕಾಗಿದ್ರೆ ಈ ಬಸ್ ಸ್ಟಾಪಲ್ಲೇ ರಾಶಿ ಬಿದ್ದಿದಾರೆ, ನೋಡು."

ಬಸ್ ಸ್ಟಾಪಿನಲ್ಲಿದ್ದ ಇಬ್ಬರು ಮೂವರು ಗಂಡಸರು ಸ್ವಲ್ಪ ಸರಿದು ನಿಂತರು.

"ಮತ್ತೆ ಯಾಕೆ ಬಂದೆ?" ಎಂದು ಮಾವ ನೆಲ ನೋಡಿಕೊಂಡು ಕೇಳಿದಳು.

"ನೀನು ಕಾಲರ್ ತಿರುಗಿಸ್ತೀಯಲ್ಲ. ಎರಡು ಬೆರಳಲ್ಲಿ. ಮಗೂನ ಕಿವಿ ಹಿಡಿದ ಹಾಗೆ. ಅದಕ್ಕೆ ಬಂದೆ. ಬಸ್ ಬಂತು, ಹತ್ತು."

ಮಾರನೆಯ ದಿನ ಮಾವ ಒದ್ದೆ ಕಡೆಗೆ ಹೋದಳು.

ಅಲ್ಲಿ ಗಾಳಿಯೇ ಒದ್ದೆ. ಆಳೆತ್ತರದ ಡ್ರಮ್ಮುಗಳು ತಿರುಗುತ್ತಿದ್ದವು. ಬ್ಲೀಚಿಂಗ್ ಪುಡಿಯ ವಾಸನೆ ಕಣ್ಣಿಗೆ ಚುಚ್ಚುತ್ತಿತ್ತು. ಡ್ರಮ್ಮು ನಿಂತ ಮೇಲೆ ಬಾಗಿಲು ತೆಗೆದು ಬಟ್ಟೆ ಎಳೆಯಬೇಕು. ಹಾಸುಗಳು ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗಿರುತ್ತವೆ. ಒಂದನ್ನು ಎಳೆದರೆ ಹತ್ತು ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಎಳೆದದ್ದನ್ನು ಎದೆಗೆ ಅವಚಿಕೊಂಡು ಹಿಂಡುವ ಯಂತ್ರಕ್ಕೆ ಹಾಕಬೇಕು. ನೀರು ಕತ್ತಿನಿಂದ ಇಳಿದು ಬೂಟಿನೊಳಗೆ ಹೋಗುತ್ತದೆ. ನೆಲಕ್ಕೆ ಸಾಬೂನು. ಬಿದ್ದರೆ ನಗುತ್ತಾರೆ.

"ಬಾ ಮಾವ, ಬಾ," ಎಂದ ಪೈಲ್ವಾನ. ಒದ್ದೆ ಕಡೆಯ ಹಳೆಯ ಆಳು, ಬಾಗಿಲಿನಷ್ಟು ಅಗಲ. "ಇನ್ಮೇಲೆ ನೀನೂ ನಮ್ಮವನೇ. ಹೇಳು, ಹೆಂಡ್ತೀನ ಹೇಗೆ ಸಂಭಾಳಿಸ್ತೀಯಾ?"

"ನೀನು ಹೇಗೆ ಸಂಭಾಳಿಸ್ತೀಯೋ?" ಎಂದಳು ಮಾವ.

"ನಾನೆಲ್ಲಿ? ಅವಳೇ ನನ್ನ—" ಎಂದವನು ಸುತ್ತ ನೋಡಿ, ಕೆಮ್ಮಿ, ಡ್ರಮ್ಮಿನೊಳಗೆ ತಲೆ ಹಾಕಿದ. ಬಾಗಿದಾಗ ಅವನ ಅಂಗಿ ಮೇಲಕ್ಕೆ ಸರಿಯಿತು. ಒಳಗೆ ಅಗಲವಾದ ಸೊಂಟಪಟ್ಟಿ ಕಂಡಿತು. ಡಾಕ್ಟರು ಕೊಡುವಂಥದ್ದು. ಮಾವ ಆಮೇಲೆ ಗಮನಿಸಿದಳು. ಒದ್ದೆ ಕಡೆಯ ಬಹುತೇಕ ಗಂಡಸರ ಅಂಗಿಯ ಕೆಳಗೆ ಅದು ಇತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಒಬ್ಬರಿಗಿಂತ ಒಬ್ಬರು ದೊಡ್ಡ ಮೂಟೆ ಎತ್ತಿ, ಮೂಲೆಗೆ ಹೋಗಿ ಗೋಡೆ ಹಿಡಿದುಕೊಳ್ಳುತ್ತಿದ್ದರು.

ಮೂಟೆಯನ್ನಾದರೂ ಹೇಗೋ ಸುಧಾರಿಸಬಹುದಿತ್ತು. ಉಚ್ಚೆ ಹುಯ್ಯುವುದು ಎಲ್ಲಿ?

ಹೆಂಗಸರ ಪಾಯಿಖಾನೆ ಒಣ ಕಡೆ ಇತ್ತು. ಒದ್ದೆ ಕಡೆಯವರ ಕಾಲು ಅಲ್ಲಿ ಬೀಳುವಂತಿಲ್ಲ. ಒದ್ದೆ ಕಡೆಯದಕ್ಕೆ ಮೀಸೆಯ ಚಿತ್ರವಿತ್ತು, ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಹಾಡು ಹೇಳಿಕೊಂಡು ಕೂರಬೇಕು, ಒಳಗೆ ಯಾರೋ ಇದ್ದಾರೆ ಎಂದು ಹೊರಗಿನವರಿಗೆ ತಿಳಿಯಲು. ಮಾವ ವೆಲ್‌ಫೇರ್ ಮೇಡಂಗೆ ಹೇಳಿದಳು.

"ನೀನು ಈಗ ಆ ಕಡೆಯವಳಲ್ವಾ?" ಎಂದರು ಮೇಡಂ. "ಅಲ್ಲಿ ವ್ಯವಸ್ಥೆ ಇದೆಯಲ್ಲ."

"ಅದು ಗಂಡಸರದ್ದು ಮೇಡಂ."

"ಅದೇ ಹೇಳ್ತಿರೋದು." ಮೇಡಂ ದನಿ ತಗ್ಗಿಸಿದರು, ಹೆಂಗಸು ಹೆಂಗಸಿಗೆ ಹೇಳುವ ಹಾಗೆ. "ನೀರು ಕಡಿಮೆ ಕುಡಿ ಪುಟ್ಟಾ."

ಮಾವ ನೀರು ಕಡಿಮೆ ಮಾಡಿದಳು. ಮೈಯೆಲ್ಲ ನೀರಿನಲ್ಲಿ ತೊಯ್ದು, ನಾಲಿಗೆ ಒಣಗಿಸಿಕೊಂಡು, ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿಕೊಂಡ ಹಾಗೆ ದಿನಗಟ್ಟಲೆ ನಡೆದಳು. ಮಧ್ಯಾಹ್ನ ಊಟದ ಹೊತ್ತಿಗೆ ಓಣಿಯಲ್ಲಿ ಬೊಂಬೆ ಡಬ್ಬಿ ಹಿಡಿದು ಬರುತ್ತಿದ್ದಳು. ಮಾವ ನಿಂತೇ ತಿನ್ನುತ್ತಿದ್ದಳು. ಕೂತರೆ ಏಳುವಾಗ ಮುಖ ಹಿಂಡುತ್ತದೆ, ಬೊಂಬೆಗೆ ಗೊತ್ತಾಗುತ್ತದೆ.

"ಹೇಗಿದೆ?"

"ಆರಾಮಾಗಿದೆ."

"ಸುಳ್ಳಿ," ಎನ್ನುತ್ತಿದ್ದಳು ಬೊಂಬೆ. ಅವಳ ತುಟಿಯ ಕೆಂಪು ಈಚೆಗೆ ಸರಿಯಾಗಿ ಕೂರುತ್ತಿರಲಿಲ್ಲ, ಬೆಳಿಗ್ಗೆ ಅವಳು ಕನ್ನಡಿಗಿಂತ ಹೆಚ್ಚು ಮಾವನ ಬೆನ್ನನ್ನೇ ನೋಡುತ್ತಿದ್ದಳು. "ನಿನ್ನ ಮೇಜಿಗೆ ಯಾರೋ ಹೊಸಬಳನ್ನ ಹಾಕಿದಾರೆ. ಕಾಲರನ್ನ ಚಪಾತಿ ಮಾಡ್ತಾಳೆ."

ಆ ಮಾತು ಮಾವನಿಗೆ ಸೊಂಟಕ್ಕಿಂತ ನೋಯಿತು.

ಅದಾದ ಕೆಲವು ದಿನಗಳಿಗೆ, ಊಟಕ್ಕೆ ಇನ್ನೂ ಹೊತ್ತಿದ್ದಾಗ, ಮಾವ ಮೂಟೆ ಎತ್ತಲು ಬಾಗಿದಳು. ಕಲ್ಲು ಕಟ್ಟಿಕೊಂಡಿದ್ದ ಜಾಗದಲ್ಲಿ ಒಂದು ಹನಿ ಜಾರಿತು. ಪ್ಯಾಂಟು ಮೊದಲೇ ಒದ್ದೆ, ಯಾರಿಗೂ ಕಾಣುವಂತಿರಲಿಲ್ಲ. ಮಾವನಿಗೆ ಗೊತ್ತಾಯಿತಲ್ಲ. ಅವಳು ಮೂಟೆಯನ್ನು ಅಲ್ಲೇ ಬಿಟ್ಟಳು.

"ಏನಾಯ್ತು ಮಾವ?" ಎಂದ ಪೈಲ್ವಾನ.

"ಸಾಕಾಯ್ತು."

ಅವಳು ಓಣಿಗೆ ಬಂದಳು. ಬೂಟಿನಿಂದ ನೀರು ಚೆಲ್ಲುತ್ತಿತ್ತು. ಓಣಿಯ ತುದಿಯಲ್ಲಿ, ಮ್ಯಾನೇಜರ್ ಕೋಣೆಯ ಪಕ್ಕದಲ್ಲಿ, ಅವರೊಬ್ಬರ ಬಳಕೆಗೆಂದೇ ಒಂದು ಪಾಯಿಖಾನೆ ಇತ್ತು. ಅದರ ಬಾಗಿಲಿಗೆ ಮೀಸೆಯ ಚಿತ್ರವಿರಲಿಲ್ಲ, ಜಡೆಯ ಚಿತ್ರವಿರಲಿಲ್ಲ. ಯಾವ ಚಿತ್ರವೂ ಇರಲಿಲ್ಲ. ಇಡೀ ಲಾಂಡ್ರಿಯಲ್ಲಿ ನೀನು ಯಾರು ಎಂದು ಕೇಳದ ಬಾಗಿಲು ಅದೊಂದೇ. ಮಾವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಗಟ್ಟಿ ಹಿತ್ತಾಳೆ ಚಿಲಕ.

ಒಳಗೆ ನೆಲ ಬಿಳಿ, ಕೂರುವುದು ಬಿಳಿ, ಕನ್ನಡಿಗೆ ಚೌಕಟ್ಟು. ಮಾವ ಕೂತಳು. ಎಷ್ಟೋ ದಿನಗಳ ನೀರು ಇಳಿಯಿತು. ನಿಲ್ಲಲೇ ಇಲ್ಲ. ಅವಳಿಗೆ ಅಳು ಬಂತು, ಅಳುವಿನಲ್ಲೇ ನಗು ಬಂತು. ಎರಡೂ ಕಡೆಯಿಂದ ಹೊರಗೆ ಹೋಗುತ್ತಿದೆಯಲ್ಲ ಎಂದುಕೊಂಡಳು.

ಬಾಗಿಲು ಬಡಿದ ಸದ್ದಾಯಿತು.

"ಯಾರದು ಒಳಗೆ?" ಮ್ಯಾನೇಜರ್ ದನಿ.

"ನಾನು ಸರ್."

"ನಾನು ಅಂದ್ರೆ?"

"ಗಂಡ."

"ಅದು ನನ್ನದು! ಹೊರಗೆ ಬಾ! ನಿನ್ನ ಕಡೆ ಹೋಗು!"

ಮಾವ ಅರ್ಧ ಎದ್ದು ಪ್ಯಾಂಟು ಎಳೆದುಕೊಂಡಳು. ಬೆಲ್ಟು ಹಾಕಿಕೊಳ್ಳುವ ಮೊದಲು ಮಾತು ಬಂತು.

"ಹೋಗಲ್ಲ. ನಾನು ಆ ಕಡೆ ಹೋಗಲ್ಲ ಸರ್. ನಾನು ಯಾರ ಗಂಡನೂ ಅಲ್ಲ. ನನಗೆ ಶರಟು ಇಷ್ಟ, ಹಾಕ್ಕೋತೀನಿ. ನನಗೆ ಅವಳಿಷ್ಟ, ಅವಳ ಜೊತೆ ಇರ್ತೀನಿ. ನಾನು ಇಸ್ತ್ರಿಯವಳು. ನನ್ನ ಮೇಜು ನನಗೆ ಕೊಡಿ."

ಹೇಳಿದ ರಭಸಕ್ಕೆ ನೆಟ್ಟಗೆ ನಿಲ್ಲಲು ಹೋದಳು. ಸೊಂಟದಲ್ಲಿ ಟಕ್ಕೆಂದಿತು.

ಮಾವ ಬಾಗಿದವಳು ಬಾಗಿದ ಹಾಗೇ ಉಳಿದಳು. ಕೈ ಚಾಚಿದರೆ ಚಿಲಕ ಒಂದು ಗೇಣು ದೂರ. ಆ ಗೇಣು ಅವಳ ಪಾಲಿಗೆ ಇನ್ನೊಂದು ಊರು.

ಹೊರಗಿದ್ದವರಿಗೆ ಇದು ಹೇಗೆ ಗೊತ್ತಾಗಬೇಕು? ಮಾವ ಮ್ಯಾನೇಜರ್ ಪಾಯಿಖಾನೆ ಹಿಡಿದು ಮುಷ್ಕರ ಕೂತಿದ್ದಾಳೆ ಎಂದು ಸುದ್ದಿ ಒಣ ಕಡೆಗೆ ಹಾರಿತು. ಇಸ್ತ್ರಿ ಹೆಂಗಸರೆಲ್ಲ ಕೆಲಸ ಬಿಟ್ಟು ಓಣಿಗೆ ಬಂದರು. ಎಲ್ಲರಿಗಿಂತ ಮುಂದೆ ದೊಡ್ಡಕ್ಕ, ಒಣ ಕಡೆಯ ಎಲ್ಲರಿಗಿಂತ ಹಿರಿಯಳು, ಮಾತಿಗೆ ಮಾಲೀಕಳು. ಹಿಂದೆ ಬೊಂಬೆ. ಒದ್ದೆ ಕಡೆಯ ಗಂಡಸರು ತಮ್ಮ ಬಾಗಿಲಲ್ಲಿ ಗುಂಪಾದರು.

ಮ್ಯಾನೇಜರಿಗೆ ಬೆಳಗಿನಿಂದ ಟೀ ಮೇಲೆ ಟೀ ಆಗಿತ್ತು. ಅವರು ಮೊದಲು ಗದರಿಸಿದರು. ಆಮೇಲೆ ಬೇಡಿಕೊಂಡರು. ಆಮೇಲೆ ಕಾಲು ಬದಲಾಯಿಸುತ್ತ ನಿಂತರು. ಆಮೇಲೆ ಒದ್ದೆ ಕಡೆಗೆ ಓಡಿದರು. ಓಡಿದಷ್ಟೇ ಬೇಗ ವಾಪಸು ಬಂದರು.

"ಮೇಡಂ! ಅಲ್ಲಿ ಬಾಗಿಲಿಗೆ ಚಿಲಕಾನೇ ಇಲ್ಲ!"

"ಹೌದಾ ಸರ್?" ಎಂದರು ವೆಲ್‌ಫೇರ್ ಮೇಡಂ.

"ಹಾಡು ಹೇಳ್ಬೇಕು ಸರ್," ಎಂದ ಪೈಲ್ವಾನ, ಗಂಡಸರ ಗುಂಪಿನಿಂದ.

ಮ್ಯಾನೇಜರ್ ಒಣ ಕಡೆಗೆ ತಿರುಗಿದರು. ಹೆಂಗಸರ ಪಾಯಿಖಾನೆಯ ಬಾಗಿಲಿಗೆ ದೊಡ್ಡಕ್ಕ ಅಡ್ಡ ನಿಂತಳು.

"ಇದು ಹೆಂಡ್ತೀರಿಗೆ ಸರ್. ನೀವು ಯಾರು ಅಂತ ಮೊದಲು ಗೊತ್ತಾಗ್ಬೇಕಲ್ಲ."

"ತಮಾಷೆ ಮಾಡ್ಬೇಡಮ್ಮ, ದಾರಿ ಬಿಡು!"

"ತಮಾಷೆ ಅಲ್ಲ, ಪದ್ಧತಿ. ಮನೇಲಿ ಜಿರಲೆ ಬಂದ್ರೆ ಯಾರು ಹೊಡೀತೀರಿ?"

ಮ್ಯಾನೇಜರ್ ಒಂದು ಕಾಲಿಗೆ ಇನ್ನೊಂದನ್ನು ಹೆಣೆದುಕೊಂಡರು.

"ನಮ್ಮ... ನಮ್ಮನೆಯವರು," ಎಂದರು ಮ್ಯಾನೇಜರ್.

"ನೀವೆಲ್ಲಿರ್ತೀರಿ ಆಗ?"

"ಬಾಗಿಲ ಹೊರಗೆ."

"ಜಗಳ ಆದ್ರೆ ಮೊದಲು ಅಳೋರು?"

ಮ್ಯಾನೇಜರ ಕಣ್ಣು ಆಗಲೇ ತುಂಬಿತ್ತು.

"ಸ್ವಲ್ಪ ನಡೆದು ತೋರಿಸಿ ಸರ್," ಎಂದಳು ಹಿಂದಿನಿಂದ ಬೊಂಬೆ. "ಸಹಜವಾಗಿ."

ಮ್ಯಾನೇಜರ್ ನಡೆದರು. ತೊಡೆ ತೊಡೆಗೆ ಒತ್ತಿ, ಸೊಂಟ ಹಿಂದಕ್ಕೆ, ಹೆಜ್ಜೆ ಗೇಣಿನಷ್ಟು. ಇಸ್ತ್ರಿ ಹೆಂಗಸರು ತಲೆ ಓರೆ ಮಾಡಿಕೊಂಡು ನೋಡಿದರು.

"ಇವರು ಹೆಂಡ್ತೀನೇ ಕಣ್ರೇ, ಅನುಮಾನವೇ ಬೇಡ," ಎಂದಳು ದೊಡ್ಡಕ್ಕ. "ಒಳಗೆ ಬಿಡಬಹುದು. ಆದ್ರೆ ಮಾವನ ಮೇಜು?"

"ಕೊಟ್ಟೆ! ಕೊಟ್ಟೆ!"

"ಅವಳಿಗೆ ಕೇಳಿಸ್ಲಿ."

"ಮೇಜು ಕೊಟ್ಟೆನಮ್ಮಾ!" ಮ್ಯಾನೇಜರ್ ಓಣಿ ತುಂಬ ಕೂಗಿದರು. "ಇಬ್ರೂ ಹೆಂಗಸರು! ಇಬ್ರೂ ಒಣ ಕಡೆ! ನಿಯಮ ಇಲ್ಲ!" ಕೂಗಿ ಒಳಗೆ ನುಗ್ಗಿದರು. ಒಳಗಿನಿಂದ, ಚಿಲಕವಿದ್ದರೂ, ಹಾಡು ಕೇಳಿಸಿತು.

ಹೆಂಗಸರು ಕೇಕೆ ಹಾಕಿದರು. ಒದ್ದೆ ಕಡೆಯವರು ಡ್ರಮ್ಮು ಬಡಿದರು. ಎಲ್ಲರೂ ಚಿತ್ರವಿಲ್ಲದ ಬಾಗಿಲಿನ ಮುಂದೆ ಸೇರಿದರು.

"ಗೆದ್ವಿ ಕಣೇ ಮಾವ, ಬಾ ಹೊರಗೆ!"

ಬಾಗಿಲು ತೆರೆಯಲಿಲ್ಲ.

"ಇನ್ನೂ ಏನೋ ಕೇಳ್ಬೇಕು ಅಂತಿದಾಳೆ," ಎಂದಳೊಬ್ಬಳು. "ಚಿಲಕ ಕೇಳೇ ಮಾವ, ಒದ್ದೆ ಕಡೆಗೆ!" ಎಂದಳು ಇನ್ನೊಬ್ಬಳು.

ಒಳಗೆ ಮಾವ ಬಾಗಿ ನಿಂತಿದ್ದಳು. ಬೆವರು ಮೂಗಿನ ತುದಿಯಿಂದ ಬಿಳಿ ನೆಲದ ಮೇಲೆ ಬೀಳುತ್ತಿತ್ತು. ಗೆದ್ದ ಸದ್ದು ಅವಳಿಗೂ ಕೇಳಿಸಿತ್ತು. ಈಗ ಒಂದು ಮಾತು ಹೇಳಬೇಕು. ಮ್ಯಾನೇಜರ್‌ಗೆ ಎದುರು ಮಾತಾಡಿದ್ದಕ್ಕಿಂತ ಅದು ಕಷ್ಟದ್ದು. ಹೊರಗೆ ಇಡೀ ಲಾಂಡ್ರಿ ನಿಂತಿದೆ, ಒದ್ದೆಯೂ ಒಣದೂ. ಇವತ್ತು ಹೇಳಿದರೆ ನಾಳೆಯಿಂದ ಸಿಲಿಂಡರಿಗೆ ಎರಡು ಬೆರಳು ಹಚ್ಚುವಂತಿಲ್ಲ.

"ಬೊಂಬೇ," ಎಂದಳು.

ಬೊಂಬೆ ಬಾಗಿಲಿಗೆ ಕಿವಿ ಹಚ್ಚಿದಳು.

"ಏನೇ?"

"ಸೊಂಟ ಹಿಡ್ಕೊಂಡಿದೆ ಕಣೇ. ಏಳೋಕಾಗ್ತಿಲ್ಲ." ಉಸಿರು ತೆಗೆದುಕೊಂಡಳು. "ನನ್ನ ಕೈಲಿ ಎತ್ತೋಕಾಗಲ್ಲ. ಯಾವತ್ತೂ ಆಗ್ತಿರಲಿಲ್ಲ. ಬಂದು ಎತ್ಕೋ."

ಯಾರೂ ನಗಲಿಲ್ಲ. ನಗುತ್ತಾರೆಂದು ಮಾವ ಕಾದಳು. ಬದಲಿಗೆ ಬಳೆಗಳ ಸದ್ದು ಕೇಳಿಸಿತು. ಬೊಂಬೆ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಳ್ಳುತ್ತಿದ್ದಳು.

"ಬಾಗಿಲಿಂದ ಪಕ್ಕಕ್ಕಿದೀಯಾ?"

"ಇದೀನಿ."

ಬೊಂಬೆ ಭುಜ ಕೊಟ್ಟಳು. ಮೊದಲ ಗುದ್ದಿಗೆ ಚೌಕಟ್ಟು ನರಳಿತು. ಎರಡನೆಯದಕ್ಕೆ ಹಿತ್ತಾಳೆ ಚಿಲಕ ಕಿತ್ತು ಬಂದು ನೆಲಕ್ಕೆ ಬಿತ್ತು. "ಕಂಪನಿ ಆಸ್ತಿ!" ಎಂದರು ವೆಲ್‌ಫೇರ್ ಮೇಡಂ. ಅವರ ಕೈಗೆ ಯಾರೋ ಆ ಚಿಲಕ ಕೊಟ್ಟರು. ಅವರು ಕನ್ನಡಕದ ಹಾಗೆ ಅದನ್ನು ಒರೆಸುತ್ತ ನಿಂತರು.

ಬೊಂಬೆ ಮೊದಲು ಮಾವನ ಬೆಲ್ಟು ಹಾಕಿದಳು. ಆಮೇಲೆ ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು ಎತ್ತಿಕೊಂಡಳು. ಮುಂಗೈಯಲ್ಲಿ ನರ ಎದ್ದಿತು. ಮಾವ ಇಷ್ಟು ಹತ್ತಿರದಿಂದ ಅದನ್ನು ಹಗಲಿನಲ್ಲಿ, ಜನರ ಮುಂದೆ ನೋಡಿರಲಿಲ್ಲ. ನೋವಿನ ನಡುವೆಯೂ ಬಾಯಿ ಒಣಗಿತು.

"ಇದು ತಗೋ," ಎಂದು ಪೈಲ್ವಾನ ಎಲ್ಲರೆದುರಿಗೇ ಅಂಗಿ ಎತ್ತಿ, ತನ್ನ ಸೊಂಟಪಟ್ಟಿ ಬಿಚ್ಚಿ ಮಾವನ ಹೊಟ್ಟೆಯ ಮೇಲಿಟ್ಟ. "ಮನೇಲಿ ಕಟ್ಟು. ನಂದು ಒಂದಿನ ಹೇಗೋ ಆಗುತ್ತೆ." ಅವನ ಹಿಂದಿದ್ದ ಗಂಡಸರು ಅವನನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಕೆಲವರ ಕೈ ತಾನಾಗಿ ತಮ್ಮ ಸೊಂಟಕ್ಕೆ ಹೋಯಿತು.

ಬೊಂಬೆ ಓಣಿ ದಾಟಿದಳು. ಮಾವನ ಬೂಟಿನಿಂದ ಒದ್ದೆ ಕಡೆಯ ನೀರು ಒಣ ಕಡೆಯ ನೆಲದ ಮೇಲೆ ಉದ್ದಕ್ಕೂ ಬಿತ್ತು. ಯಾರೂ ತಡೆಯಲಿಲ್ಲ.

"ಇಳಿಸೇ," ಎಂದು ಮಾವ ಪಿಸುಗುಟ್ಟಿದಳು. "ಎಲ್ಲ ನೋಡ್ತಿದಾರೆ."

"ನೋಡ್ಲಿ."

"ಭಾರ ಆಗ್ತೀನಿ."

"ಇಷ್ಟು ದಿನ ಭಾರ ಆಗಿತ್ತು. ಇವತ್ತಲ್ಲ. ಸುಮ್ನೆ ಕತ್ತು ಹಿಡ್ಕೋ."

ಮಾವ ಕತ್ತು ಹಿಡಿದುಕೊಂಡಳು. ಬೊಂಬೆಯ ತುಟಿಯ ಕೆಂಪು ಅವಳ ಒದ್ದೆ ಕಾಲರಿಗೆ ತಾಗಿತು. ಆ ಕಲೆ ಯಾವ ಪುಡಿಗೂ ಹೋಗುವುದಿಲ್ಲ ಎಂದು ಒದ್ದೆ ಕಡೆಯಲ್ಲಿ ದುಡಿದವಳಿಗೆ ಗೊತ್ತಿತ್ತು. ಇರಲಿ ಎಂದುಕೊಂಡಳು. ಕಣ್ಣು ಮುಚ್ಚಿದಳು. ಹಿಂದೆ ಹೆಂಗಸರ ದಂಡು, ಅದರ ಹಿಂದೆ ಗಂಡಸರು, ಎಲ್ಲೋ ಗೋಡೆಯಾಚೆ ಮ್ಯಾನೇಜರ ಹಾಡು.

ಇಸ್ತ್ರಿ ಮೇಜುಗಳ ಸಾಲು ಹತ್ತಿರವಾಗುತ್ತಿದ್ದ ಹಾಗೆ ಮಾವನ ಮೂಗು ಅರಳಿತು. ಕಣ್ಣು ತೆರೆದಳು. ಅವಳ ಮೇಜಿನಿಂದ, ಅವಳದೇ ಮೇಜಿನಿಂದ, ಸಣ್ಣಗೆ ಹೊಗೆ ಏಳುತ್ತಿತ್ತು.

"ಅಯ್ಯೋ, ಯಾವಳೇ ಅವಳು?" ಬೊಂಬೆಯ ತೋಳಿನಲ್ಲಿ ಮಲಗಿದಲ್ಲಿಂದಲೇ ಮಾವ ಇಡೀ ಲಾಂಡ್ರಿಗೆ ಕೇಳುವ ಹಾಗೆ ಕೂಗಿದಳು. "ಕಾದ ಪೆಟ್ಟಿಗೇನ ಬಟ್ಟೆ ಮೇಲೆ ಮಲಗಿಸಿ ಬರ್ತಾರೇನೇ? ಎತ್ರೇ ಅದನ್ನ!"